ಅಂದಾನಪ್ಪ ಕಾಕಾ ಮತ್ತು ಜಗತ್ತಿನ ಮೊದಲ ಇನ್ಸ್‌ಪೆಕ್ಟರ್

ಅಂದಾನಪ್ಪ ಕಾಕಾ ಅವರ ಕೊರಳಲ್ಲಿ ಎರಡು ದಾರ ಇರುತ್ತಿದ್ದವು. ಒಂದು ಶಿವದಾರ, ಅದರ ತುದಿಗೆ ಬೆಳ್ಳಿ ಕರಡಿಗೆಯಲ್ಲಿ ಲಿಂಗ. ಇನ್ನೊಂದು ಶೂ ಲೇಸಿನಂಥ ಕಪ್ಪು ದಾರ, ಅದರ ತುದಿಗೆ ಕಂಪನಿ ಕೊಟ್ಟ ಇನ್ಸ್‌ಪೆಕ್ಷನ್ ಸೀಲು. ಹೆಬ್ಬೆರಳಿನಷ್ಟು ದಪ್ಪದ ರಬ್ಬರ್ ಸೀಲು, ಅದರಲ್ಲಿ ಅವರಿಗೇ ಅಂತ ಒಂದು ನಂಬರು. ಮಿಕ್ಕವರೆಲ್ಲ ಸೀಲನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕುತ್ತಿದ್ದೆವು. "ಎರಡರಾಗ ಯಾವುದು ಕಳಕೊಂಡ್ರೂ ಆವತ್ತು ನಾ ಊಟಾ ಮಾಡಂಗಿಲ್ಲ" ಅನ್ನುತ್ತಿದ್ದರು ಕಾಕಾ. ತಮಾಷೆಗೆ ಅಂತ ನಾನು ಬಹಳ ದಿನ ಅಂದುಕೊಂಡಿದ್ದೆ.

ಗದಗಿನ ಕಡೆಯವರು. ಈ ದೇಶಕ್ಕೆ ಬಂದು ಮೂವತ್ತೈದು ವರ್ಷ ದಾಟಿದ್ದರೂ ಭಾಷೆಗೆ ಒಂದು ಗೀರೂ ಬಿದ್ದಿರಲಿಲ್ಲ. ಎಲ್ ಸೆಗುಂಡೋದ ನಮ್ಮ ಕಂಪನಿಯಲ್ಲಿ ಉಪಗ್ರಹಗಳಿಗೆ ಹಾಕುವ ಲೋಹದ ಬ್ರ್ಯಾಕೆಟ್ಟು, ಪೆಟ್ಟಿಗೆ ಮಾಡುತ್ತೇವೆ. ಟೆಕ್ನಿಷಿಯನ್ ಒಂದೊಂದು ಹಂತ ಮುಗಿಸಿದಾಗಲೂ ಇನ್ಸ್‌ಪೆಕ್ಟರ್ ಬಂದು ಕಣ್ಣಾರೆ ನೋಡಿ, ಕಾಗದದ ಮೇಲೆ ಸೀಲು ಒತ್ತಬೇಕು. ಸೀಲು ಬಿದ್ದರೆ 'ನಾನು ನೋಡಿದ್ದೇನೆ' ಅಂತ ಅರ್ಥ. ಆಮೇಲೆ ಯಾರೂ ತಿರುಗಿ ನೋಡುವುದಿಲ್ಲ, ಮಾಲು ಮುಂದಕ್ಕೆ ಹೋಗುತ್ತದೆ. 2020ರಲ್ಲಿ ನಾನು ಕೆಲಸಕ್ಕೆ ಸೇರಿದಾಗ ಈ ವಿದ್ಯೆ ಕಲಿಸಿದವರು ಅವರೇ.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಕುತೂಹಲ ಹುಟ್ಟಿಸುವ ಚಾಲಾಕಿ ನನಗೆ ಬರಲ್ಲ. ಇಷ್ಟು ಖಡಕ್ಕಾದ ಈ ಮನುಷ್ಯ, ಒಬ್ಬರಿಗೆ ಹೇಳಬೇಕಾಗಿದ್ದ ಒಂದು ಮಾತನ್ನು ಮೂವತ್ತೈದು ವರ್ಷ ಹೇಳದೆ ಗಂಟಲಲ್ಲೇ ಇಟ್ಟುಕೊಂಡಿದ್ದರು. ನನಗೆ ಅದು ಗೊತ್ತಾಗಿದ್ದು ಕಡೆಗೆ. ಗೊತ್ತಾದ ಮೇಲೆ, ಅವರ ಹಳೆಯ ಮಾತುಗಳೆಲ್ಲ ನನಗೆ ಬೇರೆಯಾಗಿ ಕೇಳಿಸತೊಡಗಿದವು.

ಅದು ಕೊರೋನಾ ಕಾಲ. ಕ್ಯಾಂಟೀನ್ ಮುಚ್ಚಿತ್ತು. ಊಟ ಅವರವರ ಕಾರಿನಲ್ಲಿ. ಕಾಕಾ ತಮ್ಮ ಹಳೆಯ ಕಾರನ್ನು ನನ್ನ ಕಾರಿನ ಪಕ್ಕ ಉಲ್ಟಾ ನಿಲ್ಲಿಸುತ್ತಿದ್ದರು. ಅವರ ಡ್ರೈವರ್ ಕಿಟಕಿಗೆ ಸರಿಯಾಗಿ ನನ್ನ ಡ್ರೈವರ್ ಕಿಟಕಿ. ಎರಡೂ ಗಾಜು ಇಳಿಸಿ, ನಡುವೆ ಆರಡಿ ಬಿಟ್ಟು, ಅವರು ಒಣಗಿಸಿದ ಖಟಿರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿಗೆ ಅದ್ದುತ್ತಿದ್ದರು, ನಾನು ಮೊಸರನ್ನ ತಿನ್ನುತ್ತಿದ್ದೆ. ವಿಮಾನ ನಿಲ್ದಾಣದ ಬಗಲಲ್ಲೇ ಇದ್ದು, ನಿಮಿಷಕ್ಕೊಂದು ವಿಮಾನ ತಲೆ ಮೇಲೆ ಹಾರುತ್ತಿದ್ದ ಜಾಗದಲ್ಲಿ ಆಗ ಗಂಟೆಗೊಂದೂ ಇರಲಿಲ್ಲ. ರೊಟ್ಟಿ ಮುರಿಯುವ ಸದ್ದು ಕೇಳುತ್ತಿತ್ತು ಅಂದರೆ ನೋಡಿ. ಅವರಿಗೆ ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ರೆಡೊಂಡೊ ಬೀಚಿನ ಅಪಾರ್ಟ್‌ಮೆಂಟಿನಲ್ಲಿ ಒಬ್ಬರೇ ಇದ್ದು, ರೊಟ್ಟಿ ತಾವೇ ತಟ್ಟುತ್ತಿದ್ದರು. "ನಿಂದೇನು ದಿನಾ ಮಸರನ್ನ? ಆಸ್ಪತ್ರ್ಯಾಗ ಅದೀಯೇನು?" ಅಂತ ನನ್ನ ಡಬ್ಬಿಯನ್ನು ಹಂಗಿಸುವುದು ಅವರ ನಿತ್ಯದ ಪೂಜೆ.

ಆ ಕಿಟಕಿಯಿಂದಲೇ ನನಗೆ ಗ್ರೀಕರ ಕಥೆ ಬಂದದ್ದು. ಕಾಕಾ ಗದಗಿನಲ್ಲಿ ಓದಿದ್ದು ಡಿಪ್ಲೊಮಾ. ಇಲ್ಲಿ ಬಂದು ಡಿಗ್ರಿ ಪೂರ್ತಿ ಮಾಡಲು ಕಾಲೇಜಿಗೆ ಹೋದಾಗ ಯಾವುದಾದರೂ ಒಂದು ಕಲಾ ವಿಷಯ ತೆಗೆದುಕೊಳ್ಳಲೇಬೇಕಿತ್ತಂತೆ. ಶನಿವಾರ ಕ್ಲಾಸಿದೆ ಅಂತ ಗ್ರೀಕ್ ಪುರಾಣ ಹಿಡಿದರು. ಕಲಿತದ್ದೆಲ್ಲ ಮರೆತು ಒಂದೇ ಕಥೆ ಉಳಿದಿತ್ತು, ಮನುಷ್ಯನ ಸ್ವಭಾವ ಎಲ್ಲಿಂದ ಬಂತು ಅನ್ನುವ ಕಥೆ. ಅದರಲ್ಲಿ ಪ್ರೊಮಿಥ್ಯೂಸ್, ಎಪಿಮಿಥ್ಯೂಸ್ ಅಂತ ಇಬ್ಬರು ಅಣ್ಣತಮ್ಮಂದಿರು. ಆ ಹೆಸರುಗಳಿಗೆ ಮುಂದಾಲೋಚನೆ, ಹಿಂದಾಲೋಚನೆ ಅಂತ ಅರ್ಥವಂತೆ. ಕಾಕಾ ಹೆಸರಿನ ಗೋಜಿಗೆ ಹೋಗದೆ ಅಣ್ಣ, ತಮ್ಮ ಅಂತಲೇ ಹೇಳುತ್ತಿದ್ದರು.

"ದೇವ್ರು ಮಣ್ಣು, ಬೆಂಕಿ ಎಲ್ಲಾ ಕಲಸಿ ಪ್ರಾಣಿ ಮಾಡಿದ್ರು, ಮನಷ್ಯಾನ್ನೂ ಮಾಡಿದ್ರು. ಮಾಡಿ, ಇವರಿಬ್ರನ್ನ ಕರದು, 'ಯಾರ್‍ಯಾರಿಗೆ ಏನೇನ್ ಬೇಕೋ ಹಂಚ್ರಪಾ' ಅಂದ್ರು. ತಮ್ಮ ಭಾಳ ಉಮೇದಿ ಮನಷ್ಯಾ. 'ಅಣ್ಣಾ, ನಾ ಹಂಚ್ತೀನಿ, ನೀ ಆಮ್ಯಾಲ ಬಂದು ಇನ್ಸ್‌ಪೆಕ್ಷನ್ ಮಾಡು' ಅಂದ. ಕೇಳಿದೇನು ತಂಗಿ? ಜಗತ್ತಿನಾಗ ಮೊದಲನೇ ಇನ್ಸ್‌ಪೆಕ್ಟರ್ ಅಂದ್ರ ಆ ಅಣ್ಣ. ನಮ್ಮ ಮೂಲಪುರುಷ."

ಹೀಗೆ ಹೇಳುವಾಗ ರೊಟ್ಟಿ ಹಿಡಿದ ಕೈ ಕಿಟಕಿಯಾಚೆ ಬರುತ್ತಿತ್ತು. "ಹುಲಿಗೆ ಉಗುರು ಕೊಟ್ಟ. ಮೊಲಕ್ಕ ಓಟಾ ಕೊಟ್ಟ. ಹಕ್ಕಿಗೆ ರೆಕ್ಕಿ, ಆಮಿಗೆ ಚಿಪ್ಪು, ಕರಡಿಗೆ ಮೈತುಂಬ ಕೂದಲಾ. ಕೊಡ್ಕೋತ ಹೋದ, ಕೊಡ್ಕೋತ ಹೋದ. ಕಡೀಕ ಮನಷ್ಯಾನ ಪಾಳಿ ಬಂತು, ಚೀಲಾ ಖಾಲಿ. ಅಣ್ಣ ಇನ್ಸ್‌ಪೆಕ್ಷನ್‌ಗೆ ಬಂದು ನೋಡ್ತಾನ, ಮನಷ್ಯಾ ಬರಿಮೈಲೆ ನಿಂತಾನ. ಕಾಲಾಗ ಚಪ್ಲಿಲ್ಲ, ಹೊದಿಕಿಲ್ಲ. ಡೆಲಿವರಿ ಡೇಟು ಅವತ್ತ!"

"ಆಮೇಲೆ?" ಅಂದೆ.

"ಆಮ್ಯಾಲೇನು, ರಿವರ್ಕ್. ದೇವರ ವರ್ಕ್‌ಶಾಪಿಗೆ ನುಗ್ಗಿ ಬೆಂಕಿ ಕದ್ದ, ಕೈಕೆಲಸದ ಬುದ್ಧಿ ಕದ್ದ, ತಂದು ಮನಷ್ಯಾಗ ಕೊಟ್ಟ. ಅದಕ್ಕ ನಾವು ಅಡಗಿ ಮಾಡ್ತೀವಿ, ಬ್ರ್ಯಾಕೆಟ್ ಮಾಡ್ತೀವಿ. ಉಳದ ಕಥಿ ಇನ್ನೊಮ್ಮೆ. ಬ್ರೇಕ್ ಮುಗೀತು, ಏಳು."

ಉಳಿದ ಕಥೆ ಎಂಟು ತಿಂಗಳು ಬರಲಿಲ್ಲ. ಬಂದಾಗ ಅದು ನನ್ನ ತಲೆ ಮೇಲೇ ಬಂತು.

2021ರ ಏಪ್ರಿಲ್ ಕೊನೆ. ಬೆಂಗಳೂರಿನಲ್ಲಿ ಎರಡನೇ ಅಲೆ. ನಾಗರಬಾವಿಯಲ್ಲಿ ಅಪ್ಪನಿಗೆ ಆಕ್ಸಿಜನ್ ಇಳಿಯುತ್ತಿತ್ತು, ಅಣ್ಣ ಬೆಡ್ ಹುಡುಕುತ್ತಿದ್ದ. ಒಂದು ಶುಕ್ರವಾರ ಮಧ್ಯಾಹ್ನ ನಾನು ಫೋನ್ ಹಿಡಿದು ಕಾರಿಡಾರಿನಲ್ಲಿ ನಿಂತಿದ್ದಾಗ ಟೆಕ್ನಿಷಿಯನ್ ರಾಮೋನ್ ಬಂದ. ನಮ್ಮಲ್ಲಿ ಹದಿನಾಲ್ಕು ವರ್ಷದಿಂದ ಇದ್ದವನು, ಇಬ್ಬರು ಹೆಣ್ಣುಮಕ್ಕಳ ತಂದೆ. ಒಂದು ಬ್ರ್ಯಾಕೆಟ್ಟಿನ ಎಂಟು ಬೋಲ್ಟಲ್ಲಿ ಆರು ಬಿಗಿಮಾಡಿದ್ದೇನೆ, ಎರಡು ಬಾಕಿ ಇದೆ, ಸೋಮವಾರ ಮುಗಿಸುತ್ತೇನೆ, ಈ ಆರನ್ನು ಮಾತ್ರ ನೋಡಿ ಬರೆದುಕೋ ಅಂದ. ನಾನು ತಲೆಯಾಡಿಸಿದೆ. ಹೋಗಿ ಬ್ರ್ಯಾಕೆಟ್ಟನ್ನು ನೋಡಲೂ ಇಲ್ಲ. ಅಣ್ಣ ಲೈನಿನಲ್ಲಿದ್ದ, 'ಬೆಡ್ ಸಿಗುತ್ತೆ ಅಂತಿದ್ದಾರೆ, ಇರು ಇರು' ಅನ್ನುತ್ತಿದ್ದ. ಮೇಜಿನ ಮೇಲಿದ್ದ ಕಾಗದದಲ್ಲಿ ಎಂಟೂ ಬೋಲ್ಟಿನ ಸಾಲಿಗೆ ಟಪಟಪ ಸೀಲು ಒತ್ತಿ ಮತ್ತೆ ಫೋನಿಗೆ ಓಡಿದೆ.

ಸೀಲು ನೋಡಿದ ಸಂಜೆ ಪಾಳಿಯವರು ಮಾಲನ್ನು ಟೆಸ್ಟಿಂಗಿಗೆ ಕಳಿಸಿಬಿಟ್ಟರು. ಅದನ್ನು ಅಲುಗಾಡಿಸಿ ಪರೀಕ್ಷೆ ಮಾಡುವ ಯಂತ್ರದ ಮೇಲೆ ಆ ಎರಡು ಬೋಲ್ಟು ಕಿತ್ತು ಬಂದವು. ಬ್ರ್ಯಾಕೆಟ್ಟು ಹಾಳು, ಅದರ ಮೇಲಿದ್ದ ಪೆಟ್ಟಿಗೆಯೂ ಹಾಳು.

ವಿಚಾರಣೆ ಆಯಿತು. ಎರಡು ಬಾಕಿ ಇದೆ ಅಂತ ಅವಳಿಗೆ ಹೇಳಿದ್ದೆ ಅಂತ ರಾಮೋನ್ ಹೇಳಿದ. ಸೂಪರ್‌ವೈಸರ್ ನನ್ನನ್ನು ಕೇಳಿದ, "ಹೇಳಿದ್ದನಾ?" ನನ್ನ ಬಾಯಿಂದ "ನೆನಪಿಲ್ಲ" ಅಂತ ಬಂತು. ಸುಳ್ಳು ಹೇಳಬೇಕು ಅಂತ ಯೋಚನೆ ಮಾಡಿ ಹೇಳಿದ್ದಲ್ಲ. ಆದರೆ ಹೇಳಿದ ಮೇಲೆ ಆ ಮಾತು ಎಷ್ಟು ಆರಾಮಾಗಿ ಕೂತುಕೊಂಡಿತು ಅಂದರೆ, ಇಲ್ಲ ಅಂದ ಹಾಗೂ ಆಗಲಿಲ್ಲ, ಹೌದು ಅಂದ ಹಾಗೂ ಆಗಲಿಲ್ಲ. ಎಂಟೂ ಮುಗಿದಿದೆ ಅಂತ ರಾಮೋನನೇ ನನಗೆ ಸುಳ್ಳು ಹೇಳಿ ಸೀಲು ಹಾಕಿಸಿಕೊಂಡ ಅಂತ ಅವರು ತಿಳಿದರು. ಅವನ ಬ್ಯಾಡ್ಜ್ ಕಿತ್ತುಕೊಂಡು ಮನೆಗೆ ಕಳಿಸಿದರು.

ಮೂರು ದಿನ ನಾನು ಸುಮ್ಮನಿದ್ದೆ. ನಾಚಿಕೆಯಾಗುತ್ತದೆ ಬರೆಯಲು, ಆದರೂ ಬರೆಯುತ್ತೇನೆ. ಅಪ್ಪನಿಗೆ ಬೆಡ್ ಸಿಕ್ಕಿತ್ತು, ಅವರು ಉಳಿದರು. ನನ್ನ ಕಷ್ಟಕ್ಕೆ ಇಷ್ಟಾದರೂ ರಿಯಾಯಿತಿ ಬೇಡವೇ ಅಂತ ನಾನು ನನಗೇ ವಕೀಲಿ ಮಾಡಿಕೊಂಡೆ. ನಾಲ್ಕನೇ ದಿನ ಕಾಕಾ ಎಂದಿನಂತೆ ಕಾರು ತಂದು ನಿಲ್ಲಿಸಿ ಗಾಜು ಇಳಿಸಿದರು. ಡಬ್ಬಿ ತೆಗೆಯಲಿಲ್ಲ.

"ಅವತ್ತು ಕಥಿ ಅರ್ಧಾ ಆಗಿತ್ತಲ್ಲ" ಅಂದರು. "ಬೆಂಕಿ ಬಂತು, ಕೆಲಸಾ ಬಂತು. ಆದ್ರ ಮಂದಿಗೆ ಕೂಡಿ ಇರಾಕ ಬರ್ತಿರಲಿಲ್ಲ. ಊರು ಕಟ್ಟಿದ್ರ ಒಬ್ರಿಗೊಬ್ರು ಮೋಸಾ ಮಾಡೋರು, ಚದುರಿ ಹೋಗೋರು, ಹುಲಿ ಬಾಯಿಗೆ ಬೀಳೋರು. ದೊಡ್ಡ ದೇವ್ರು ನೋಡ್ದ. ಹಿಂಗಾದ್ರ ಇವು ಒಂದೂ ಉಳಿಯೂದಿಲ್ಲ ಅಂತ ತನ್ನ ಟಪಾಲಿನವನ್ನ ಕರದು ಎರಡು ಗಂಟು ಕೊಟ್ಟ. ಒಂದರಾಗ ನಾಚಿಕಿ, ಒಂದರಾಗ ನ್ಯಾಯ. ಹೋಗಿ ಹಂಚು ಅಂದ. ಟಪಾಲಿನವ ಕೇಳ್ದ, 'ಹೆಂಗ ಹಂಚ್ಲಿ? ಊರಿಗೊಬ್ಬ ಡಾಕ್ಟರ್ ಇರ್ತಾನಲ್ಲ, ಹಂಗ ನಾಕು ಮಂದಿಗೆ ಕೊಡ್ಲ್ಯೋ, ಎಲ್ಲಾರಿಗೂ ಕೊಡ್ಲ್ಯೋ?' ದೇವ್ರು ಅಂದ, 'ಎಲ್ಲಾರಿಗೂ ಕೊಡು. ನಾಕು ಮಂದಿಗೆ ಕೊಟ್ರ ಊರು ನಿಲ್ಲಂಗಿಲ್ಲ.'"

ಸೀಟಿನಲ್ಲೇ ನನ್ನ ಕಡೆ ಪೂರ್ತಿ ತಿರುಗಿ, "ಅಂದಮ್ಯಾಲ ನಿನಗೂ ಎರಡೂ ಬಂದಾವು. ಒಂದು ಬಂದೈತಿ, ಮೂರು ದಿನದಿಂದ ನಿನ್ನ ಮಾರಿ ಮ್ಯಾಲ ಕಾಣ್ತೈತಿ. ಇನ್ನೊಂದು ಎಲ್ಲಿಟ್ಟಿ, ಹುಡುಕು" ಅಂದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲಿ. "ನಿಮಗೇನು ಕಾಕಾ, ಸೀಲನ್ನ ಲಿಂಗದ ಜೊತೆ ಕಟ್ಟಿಕೊಂಡಿದ್ದೀರ. ನಮ್ಮಂಥವರ ಪಾಡು ನಿಮಗೆ ಹೇಗೆ ಅರ್ಥವಾಗಬೇಕು" ಅಂದುಬಿಟ್ಟೆ. ಅವರು ನನ್ನ ಮುಖವನ್ನೇ ನೋಡಿದರು. ಬೈಯುತ್ತಾರೆ ಅಂತ ಕಾದೆ. ಗಾಜು ಏರಿಸಿಕೊಂಡರು.

ಆ ದಿನ ಎರಡು ಗಂಟೆಗೆ ಹೋಗಿ ಸೂಪರ್‌ವೈಸರ್ ಮುಂದೆ ಹೇಳಿದೆ, ರಾಮೋನ್ ಹೇಳಿದ್ದ, ನನಗೆ ನೆನಪಿತ್ತು, ನಾನು ನೋಡದೆ ಒತ್ತಿದೆ. ಸೀಲು ಕಿತ್ತುಕೊಂಡರು. ಆರು ತಿಂಗಳು ಹಳೆಯ ಫೈಲುಗಳನ್ನು ಸ್ಕ್ಯಾನ್ ಮಾಡುವ ಕೆಲಸಕ್ಕೆ ಹಾಕಿದರು. ಕೆಲಸದಿಂದಲೇ ತೆಗೆಯುತ್ತಾರೆ ಅಂದುಕೊಂಡಿದ್ದೆ, ಹಾಗೆ ಮಾಡಲಿಲ್ಲ. ರಾಮೋನ್ ಮಾರನೇ ವಾರ ವಾಪಸು ಬಂದ. ನನ್ನನ್ನು ಕ್ಷಮಿಸಿದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ಒಂದು ತಿಂಗಳಾದ ಮೇಲೆ ಗುಡ್ ಮಾರ್ನಿಂಗ್ ಅಂದ, ನನಗೆ ಅಷ್ಟೇ ಸಾಕಾಯಿತು.

ಹೇಳಿ ಹೊರಗೆ ಬಂದಾಗ ಕಾಕಾ ಪಾರ್ಕಿಂಗಿನಲ್ಲಿ ನಿಂತಿದ್ದರು. ಶಭಾಷ್ ಅನ್ನುತ್ತಾರೇನೋ ಅಂತ ನನಗೊಂದು ಆಸೆ. "ಹಗುರಾತೇನು?" ಅಂತ ಕೇಳಿದರು. ಇಲ್ಲ ಅಂದೆ. "ಆಗ್ತೈತಂತ" ಅಂದರು, "ನನಗ ಗೊತ್ತಿಲ್ಲ." ಗೊತ್ತಿಲ್ಲದೆ ಇನ್ನೊಬ್ಬರಿಗೆ ಉಪದೇಶ ಮಾಡುತ್ತಾರಲ್ಲ ಅಂತ ನನಗೆ ಇನ್ನಷ್ಟು ಕೋಪ ಬಂತು.

ಮುಂದಿನ ವರ್ಷ ಅವರು ರಿಟೈರ್ ಆಗಿ ಸ್ಯಾನ್ ಡಿಯೇಗೋದ ಸ್ಕ್ರಿಪ್ಸ್ ರ್‍ಯಾಂಚಿನಲ್ಲಿದ್ದ ಮಗಳು ಉಮಾ ಮನೆಗೆ ಹೋದರು. ಆಗಾಗ ಫೋನ್ ಮಾಡಿ, "ಮಸರನ್ನ ಬಿಟ್ಟೀಯೋ ಇಲ್ಲೋ" ಅಂತ ವಿಚಾರಿಸುತ್ತಿದ್ದರು. ಮೊಮ್ಮಕ್ಕಳಿಗೆ ಕನ್ನಡದಲ್ಲಿ ಜೋರು ಮಾಡಿದರೆ ಅವು ಇಂಗ್ಲಿಷಿನಲ್ಲಿ ವಾದಕ್ಕೆ ನಿಲ್ಲುತ್ತವಂತೆ. "ಎರಡೂ ಕಡೆ ಅರ್ಥಾಗ್ತೈತಿ, ಯಾರೂ ಸೋಲೂದಿಲ್ಲ" ಅನ್ನುತ್ತಿದ್ದರು. ಆಮೇಲೆ ಕೈ ನಡುಗುವ ಕಾಯಿಲೆ ಶುರುವಾಯಿತು. ಮಾತೂ ನಿಧಾನವಾಯಿತು. 2024ರ ಅಕ್ಟೋಬರಿನಲ್ಲಿ ಅವರೇ ಫೋನ್ ಮಾಡಿ, "ಒಂದು ಶನಿವಾರ ಬಂದ್ಹೋಗು. ಇಂಗ್ಲಿಷ್ ಬರಿಯೂ ಕೆಲಸಾ ಐತಿ" ಅಂದರು.

ಆರ್ಟೀಷಿಯಾದ ಇಂಡಿಯನ್ ಅಂಗಡಿಯಲ್ಲಿ ಗಿರ್ಮಿಟ್ಟಿಗೆ ಅಂತ ಮಂಡಕ್ಕಿ, ಪುಟಾಣಿ ಕಟ್ಟಿಸಿಕೊಂಡು ಐದನೇ ನಂಬರಿನ ಫ್ರೀವೇ ಹಿಡಿದು ಹೋದೆ. ನೀಲಗಿರಿ ಮರಗಳ ಸಾಲಿನ ಕೆಳಗೆ ಮನೆ. ಉಮಾ ಮಕ್ಕಳನ್ನು ಸಾಕರ್ ಕ್ಲಾಸಿಗೆ ಕರೆದುಕೊಂಡು ಹೋಗಿದ್ದಳು. ಹಿತ್ತಲಿನ ಕುರ್ಚಿಯಲ್ಲಿ ಕಾಕಾ ಬಹಳ ಸಣ್ಣಗೆ ಕಂಡರು. ಮಂಡಕ್ಕಿ ಪೊಟ್ಟಣವನ್ನು ಮೂಸಿ ನೋಡಿ ಬದಿಗಿಟ್ಟರು. ನನಗೆ ಪ್ಯಾಡು, ಪೆನ್ನು ಮೊದಲೇ ತೆಗೆದಿಟ್ಟಿದ್ದರು.

ಆಗ ಹೇಳಿದರು. ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತಂತೆ, ಬೇರೆ ಕಂಪನಿ. ತುವಾನ್ ಅಂತ ವಿಯೆಟ್ನಾಮಿನ ಟೆಕ್ನಿಷಿಯನ್. ಇವರಿಗೆ ಕಾರು ಓಡಿಸುವುದನ್ನು ಕಲಿಸಿದವನೇ ಅವನು. ಒಂದು ಬೆಸುಗೆ ಸರಿ ಬಂದಿಲ್ಲ, ಸೀಲು ಹಾಕಬೇಡ ಅಂತ ಅವನು ಬಂದು ಹೇಳಿದ್ದ. ಇವರು ಗಡಿಬಿಡಿಯಲ್ಲಿ ಅದನ್ನೂ ಸೇರಿಸಿ ಒತ್ತಿಬಿಟ್ಟರು. ವಿಚಾರಣೆಯಲ್ಲಿ, ಅವನು ಹೇಳಿದ್ದನೇ ಅಂತ ಕೇಳಿದಾಗ, ನೆನಪಿಲ್ಲ ಅಂದರು. ಅವನ ಕೆಲಸ ಹೋಯಿತು. ಅವನು ಹೋಗುವಾಗ ಇವರ ಮೇಜಿನ ಹತ್ತಿರ ಒಂದು ಗಳಿಗೆ ನಿಂತು ಹೋದನಂತೆ. ಇವರು ತಲೆ ಎತ್ತಲಿಲ್ಲ.

"ನೀ ಮೂರು ದಿನಾ ಸುಮ್ಮ ಇದ್ದಿ" ಅಂದರು ಕಾಕಾ. "ನಾ ಮೂವತ್ತೈದು ವರ್ಷ. ಆ ಕಥಿ ನಿನಗ ಹೇಳಾಕ ನನಗ ಯಾವ ಅಧಿಕಾರಾನೂ ಇರಲಿಲ್ಲ ತಂಗಿ. ಗಂಟಿನಾಗಿಂದ ನಾಚಿಕಿ ತಗೊಂಡೆ, ನ್ಯಾಯ ಅಲ್ಲೇ ಬಿಟ್ಟೆ. ಬರೇ ನಾಚಿಕಿ ಇಟ್ಕೊಂಡ್ರ ಅದು ಯಾರಿಗೂ ಉಪಯೋಗಿಲ್ಲ."

ಪಾರ್ಕಿಂಗಿನಲ್ಲಿ ನಾನು ಅವರಿಗೆ ಅಂದಿದ್ದ ಮಾತು ಆಗ ನನ್ನನ್ನು ಚುಚ್ಚಿತು. ತಪ್ಪಾಯಿತು ಕಾಕಾ ಅಂದೆ. ಬಿಡು, ಅದಲ್ಲ ಈಗಿನ ಕೆಲಸ ಅಂದರು.

ತುವಾನ್ ಗಾರ್ಡನ್ ಗ್ರೋವಿನಲ್ಲಿದ್ದಾನೆ, ವಿಳಾಸ ಎಷ್ಟೋ ವರ್ಷದಿಂದ ಇದೆ ಅಂದರು. ಹೆಂಡತಿ ತೀರಿಕೊಂಡ ವರ್ಷ ಇವರು ಒಮ್ಮೆ ಅಲ್ಲಿಗೆ ಹೋಗಿದ್ದರಂತೆ. ಅವನ ಮನೆ ಎದುರು ಕಾರು ನಿಲ್ಲಿಸಿದರು. ಅವನು ಅಂಗಳದ ನಿಂಬೆಗಿಡಕ್ಕೆ ನೀರು ಹಾಕುತ್ತಿದ್ದ. ಇವರು ಇಪ್ಪತ್ತು ನಿಮಿಷ ಕಾರಿನಲ್ಲೇ ಕೂತು, ಇಳಿಯದೆ ತಿರುಗಿ ಬಂದರು. "ಈಗ ಇಳೀತೀನಿ ಅಂದ್ರೂ ಕಾಲು ಬರೂದಿಲ್ಲ. ಫೋನ್ ಮಾಡಿದ್ರ ಬರೇ ಅಳ್ತೀನಿ. ಅದಕ್ಕ ಕಾಗದಾ."

ಅವರು ಹೇಳುತ್ತಾ ಹೋದರು, ನಾನು ಇಂಗ್ಲಿಷಿನಲ್ಲಿ ಬರೆದೆ. ಸಾಲು ಮುಗಿದಾಗಲೆಲ್ಲ ಓದಿಸಿ, ಪೆನ್ನಿನ ಹಿಂತುದಿಯಿಂದ ಒಂದೊಂದು ಪದ ಮುಟ್ಟಿ ಪರೀಕ್ಷೆ ಮಾಡಿದರು. ತುವಾನ್ ಕೆಲಸ ಹೋದ ಕಾಲಕ್ಕೆ ಉಮಾ ತಾಯಿಯ ಹೊಟ್ಟೆಯಲ್ಲಿದ್ದಳಂತೆ, ಮನೆಗೆ ಬರುತ್ತಿದ್ದುದು ಇವರ ಸಂಬಳ ಒಂದೇ. ನಾನು ಅದನ್ನೂ ಸೇರಿಸಲು ಹೋದೆ. ಕೈ ಅಡ್ಡ ಹಿಡಿದರು. "ಅದನ್ನ ಬರೀಬ್ಯಾಡ. ಅವಂಗೂ ಮಕ್ಕಳಿದ್ವು." ಕ್ಷಮೆ ಕೇಳುವ ಸಾಲು ಬರೆಯಲೇ ಅಂದೆ. "ಕೇಳಬ್ಯಾಡ. ಕೇಳಿದ್ರ ಅವಂಗ ಕೊಡೂ ಭಾರ ಬೀಳ್ತೈತಿ. ನೀ ಹೇಳಿದ್ದಿ, ನನಗ ನೆನಪಿತ್ತು, ನೆನಪಿಲ್ಲ ಅಂತ ಸುಳ್ಳು ಹೇಳಿದೆ. ಇಷ್ಟ ಬರಿ" ಅಂದರು. ಉಮಾಳಿಗೆ ತಾವೇ ನಿಧಾನವಾಗಿ ಹೇಳುತ್ತೇನೆಂದು, ಉತ್ತರದ ವಿಳಾಸಕ್ಕೆ ನನ್ನ ಮನೆಯದನ್ನು ಹಾಕಿಸಿದರು. ಸಹಿ ಮಾಡಲು ಎಡಗೈಯಿಂದ ಬಲಗೈ ಹಿಡಿದುಕೊಂಡರು. ಸಹಿ ಕಾಗದದ ಅಂಚಿನ ತನಕ ಹೋಯಿತು. ಆಮೇಲೆ ಗಿರ್ಮಿಟ್ ಮಾಡು ಅಂದರು, ಮಾಡಿದೆ, ಖಾರ ಸಾಲದು ಅಂತ ಬೈದು ಪೂರ್ತಿ ತಿಂದರು.

ಡಿಸೆಂಬರಿನಲ್ಲಿ ಉಮಾ ಫೋನ್ ಮಾಡಿದಳು. ಕಾಕಾ ಬೆಳಗಿನ ಪೂಜೆಗೆ ಕೂತವರು ಹಾಗೇ ಒರಗಿದ್ದರಂತೆ. ಉತ್ತರ ಬಂತೇ ಅಂತ ವಾರಕ್ಕೊಮ್ಮೆ ನನ್ನನ್ನು ಕೇಳುತ್ತಿದ್ದರು. ಬಂದಿರಲಿಲ್ಲ. ನಾನು ಅವತ್ತು ಬಾತ್‌ರೂಮಿನ ಬಾಗಿಲು ಹಾಕಿಕೊಂಡು ಅತ್ತೆ. ಅವರು ಸತ್ತದ್ದಕ್ಕೆ ಅತ್ತೆನೋ, ಬಾರದ ಕಾಗದಕ್ಕೆ ಅತ್ತೆನೋ, ಎರಡೂ ಇರಬೇಕು.

ಕಾಗದ ಬಂದದ್ದು ಹನ್ನೊಂದು ದಿನ ಬಿಟ್ಟು. ದುಂಡಗಿನ, ಒತ್ತಿ ಬರೆದ ಅಕ್ಷರ. ಮಗನ ಮನೆಗೆಂದು ಟೆಕ್ಸಸ್ಸಿಗೆ ಹೋಗಿದ್ದೆ, ನಿನ್ನ ಪತ್ರ ಈಗ ನೋಡಿದೆ ಅಂತ ಶುರುವಾಗಿತ್ತು. ನಿನಗೆ ನೆನಪಿತ್ತು ಅನ್ನುವುದು ನನಗೆ ಆವತ್ತೇ ಗೊತ್ತಿತ್ತು. ನಮ್ಮ ಮನೆ ಮುಂದೆ ನೀನು ಕಾರು ನಿಲ್ಲಿಸಿದ ದಿನ ನಾನು ನಿನ್ನನ್ನು ಗುರುತು ಹಿಡಿದೆ. ಇಳಿಯುತ್ತೀಯ ಅಂತ ಗಿಡಕ್ಕೆ ಎರಡು ಸಲ ನೀರು ಹಾಕಿದೆ. ಶನಿವಾರ ಮನೆಯಲ್ಲೇ ಇರುತ್ತೇನೆ. ಬಾ. ಇಷ್ಟೇ ಇತ್ತು.

ಫೋನ್ ನಂಬರ್ ಬರೆದಿರಲಿಲ್ಲ. ಕಾಕಾ ತೀರಿಕೊಂಡ ವಿಷಯ ಕಾಗದದಲ್ಲಿ ಬರೆದು ಕಳಿಸಬಹುದಿತ್ತು, ಮನಸ್ಸು ಬರಲಿಲ್ಲ. ಶನಿವಾರ ಹೋದೆ. ಬೆಲ್ ಒತ್ತಿದಾಗ ಬಾಗಿಲು ತೆರೆದವರು ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದ ಎಪ್ಪತ್ತು ದಾಟಿದ ಮನುಷ್ಯ. ಒಳಗೆ ಮೇಜಿನ ಮೇಲೆ ಎರಡು ಚಹಾ ಕಪ್ಪು ಕಾಣುತ್ತಿತ್ತು. ನಾನು ಅಂದಾನಪ್ಪ ಅವರ ಕಡೆಯಿಂದ ಬಂದಿದ್ದೇನೆ ಅಂದೆ. ತುವಾನ್ ಅವರು "ಈ ಸಲವೂ ಕಾರಿನಲ್ಲೇ ಕೂತಿದ್ದಾನಾ" ಅಂತ ನಕ್ಕು, ನನ್ನನ್ನು ದಾಟಿ ಮೆಟ್ಟಿಲಿಳಿದು, ರಸ್ತೆ ಬದಿಗೆ ನಿಲ್ಲಿಸಿದ್ದ ನನ್ನ ಕಾರಿನ ಹತ್ತಿರ ಹೋದರು. ಬಗ್ಗಿ, ಪಕ್ಕದ ಸೀಟಿನ ಕಡೆಯ ಬಾಗಿಲನ್ನು ತಾವೇ ತೆರೆದರು.